ಕೇಳುವ ವಯಸ್ಸು, ಓದುವ ವಯಸ್ಸು

1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಬಂದವರು ಪಂಜೆ ಮಂಗೇಶರಾಯರು. ಕರಾವಳಿಯಲ್ಲಿ ಮೇಷ್ಟ್ರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ಮಕ್ಕಳನ್ನು ಹತ್ತಿರದಿಂದ ಕಂಡವರು, 1921ರಲ್ಲಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಕಟ್ಟಿದವರು. ಅವರು ಬಂದು ನಿಂತ ನೆಲ ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ ಮೇಲಿನ ತರಗತಿಗಳ ಕಲಿಕೆ ಉರ್ದುವಿನಲ್ಲಿ ನಡೆಯುತ್ತಿತ್ತು, ಕನ್ನಡ ಶಾಲೆಗಳು ಕಡಿಮೆ. ಮನೆಯಲ್ಲಿ ಆಡುವ ನುಡಿ ಒಂದು, ಶಾಲೆಯಲ್ಲಿ ಓದುವ ನುಡಿ ಇನ್ನೊಂದು ಎನ್ನುವುದು ಅಲ್ಲಿನ ಮಕ್ಕಳಿಗೆ ದಿನನಿತ್ಯದ ಮಾತಾಗಿತ್ತು.

ಈ ಭಾಗದ ಮಕ್ಕಳ ಓದಿನ ಚರಿತ್ರೆಯ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಹೋದಲ್ಲೆಲ್ಲ ಒಂದು ಪ್ರಶ್ನೆ ಎದುರಾಗುತ್ತದೆ: “ಎಷ್ಟು ವಯಸ್ಸಿನ ಹುಡುಗುರಿಗೆ ಯಾವ ಪುಸ್ತಕ ಕೊಡಬೇಕ್ರಿ?” ವಯಸ್ಸು ಹೇಳಿದರೆ ಪುಸ್ತಕದ ಹೆಸರು ಹೇಳಿಬಿಡಬಹುದು ಎಂಬ ನಂಬಿಕೆ ಈ ಪ್ರಶ್ನೆಯಲ್ಲಿದೆ. ನಮ್ಮ ಮಕ್ಕಳ ಸಾಹಿತ್ಯದ ಚರಿತ್ರೆ ಆ ನಂಬಿಕೆಯನ್ನು ಪೂರ್ತಿ ಒಪ್ಪುವುದಿಲ್ಲ.

ಮೊದಲ ತಲೆಮಾರನ್ನೇ ನೋಡಿ. ಪಂಜೆ, ರಾಜರತ್ನಂ, ಕುವೆಂಪು ಮಕ್ಕಳಿಗಾಗಿ ಬರೆದಾಗ ಆ ಪದ್ಯಗಳು ಮಗುವನ್ನು ಮುಟ್ಟುತ್ತಿದ್ದದ್ದು ಮುಖ್ಯವಾಗಿ ಕಿವಿಯಿಂದ. ಮೇಷ್ಟ್ರು ಹಾಡುತ್ತಿದ್ದರು, ಮಕ್ಕಳು ಕೂಡಿ ಹಾಡುತ್ತಿದ್ದರು. ಬ್ರೌನಿಂಗ್‌ನ ಕಥನಕವನವನ್ನು ಕುವೆಂಪು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿ ಕನ್ನಡಕ್ಕೆ ಒಗ್ಗಿಸಿದ್ದು ಗಟ್ಟಿಯಾಗಿ ಓದಿದಾಗಲೇ ರುಚಿಸುತ್ತದೆ. ಅಕ್ಷರ ಬಾರದ ಐದರ ಮಗುವೂ ಹತ್ತರ ಹುಡುಗಿಯೂ ಅದನ್ನು ಒಟ್ಟಿಗೆ ಕೇಳಬಹುದು. ನಮ್ಮ ಸೀಮೆಯ ಸಿದ್ಧಯ್ಯ ಪುರಾಣಿಕರನ್ನು ಇಲ್ಲಿ ನೆನೆಯಬೇಕು. 1918ರಲ್ಲಿ ಇಂದಿನ ಕೊಪ್ಪಳ ಜಿಲ್ಲೆಯ ದ್ಯಾಂಪುರದಲ್ಲಿ ಹುಟ್ಟಿ, ಉರ್ದು ಆಡಳಿತದ ಸಂಸ್ಥಾನದಲ್ಲಿ ಓದಿ ನೌಕರಿ ಹಿಡಿದವರು. ಅಜ್ಜನ ಕೋಲನ್ನೇ ಕುದುರೆ ಮಾಡಿಕೊಂಡ ಮಗುವಿನ ಪದ್ಯವನ್ನು ಕನ್ನಡಕ್ಕೆ ಕೊಟ್ಟವರು ಅವರೇ.

ಯುರೋಪಿನಲ್ಲಿ ಕೊಮೇನಿಯಸ್ 1658ರಲ್ಲೇ ಮಕ್ಕಳಿಗಾಗಿ ಚಿತ್ರಗಳಿರುವ ಪಠ್ಯಪುಸ್ತಕ ತಂದಿದ್ದ. ಕನ್ನಡದಲ್ಲಿ ಪುಟತುಂಬ ಬಣ್ಣದ ಚಿತ್ರವಿರುವ ಪುಸ್ತಕ ಸಾಮಾನ್ಯರ ಮನೆಗೆ ಬರಲು ಬಹಳ ಕಾಲ ಹಿಡಿಯಿತು, ಬಣ್ಣದ ಅಚ್ಚು ದುಬಾರಿ. ಮೊದಲು ಬಂದದ್ದು ‘ಚಂದಮಾಮ’ದಂಥ ಪತ್ರಿಕೆ. ಅದನ್ನು ಇಡೀ ಮನೆ ಹಂಚಿಕೊಳ್ಳುತ್ತಿತ್ತು: ಅಕ್ಕ ಓದುತ್ತಿದ್ದಳು, ತಮ್ಮ ಬೇತಾಳನ ಚಿತ್ರ ನೋಡುತ್ತಿದ್ದ. ಆಮೇಲೆ 1957ರಲ್ಲಿ ಹುಟ್ಟಿದ ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ ಮಾಲೆಯ ಅನುವಾದಗಳು, ಸೋವಿಯತ್ ಒಕ್ಕೂಟದಲ್ಲಿ ಅಚ್ಚಾದ ಕಡಿಮೆ ಬೆಲೆಯ ಪುಸ್ತಕಗಳು ಬಂದವು. ದೊಡ್ಡ ಮಕ್ಕಳಿಗೆ ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ ಬಂತು.

ಇತ್ತೀಚಿನ ಬದಲಾವಣೆಯೆಂದರೆ ‘ಹಂತ’. 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ 2015ರಲ್ಲಿ ಸ್ಟೋರಿವೀವರ್ ಎಂಬ ಉಚಿತ ಜಾಲತಾಣ ತೆರೆಯಿತು. ಅಲ್ಲಿನ ಕತೆಗಳು ನಾಲ್ಕು ಹಂತಗಳಲ್ಲಿವೆ. ಮೊದಲ ಹಂತದಲ್ಲಿ ಸುಲಭ ಪದ, ಮರುಕಳಿಸುವ ವಾಕ್ಯ, ದೊಡ್ಡ ಚಿತ್ರ. ನಾಲ್ಕನೆಯದರಲ್ಲಿ ಸರಾಗವಾಗಿ ಓದಬಲ್ಲವರಿಗೆ ಉದ್ದನೆಯ ಕತೆ. ಮಗುವಿನ ವಯಸ್ಸಿನ ಬದಲು ಅದರ ಓದಿನ ಅಳವನ್ನು ಅಳತೆಗೋಲು ಮಾಡಿದ್ದು ಇದರ ದೊಡ್ಡ ಲಾಭ.

ಆದರೆ ಚಿಂಚೋಳಿ ತಾಲ್ಲೂಕಿನ ಐನಾಪುರದಂಥ ಊರಿಗೆ ಬಂದರೆ ಹಂತವೊಂದೇ ಸಾಲದು. ತೆಲಂಗಾಣದ ಗಡಿಗೆ ಹತ್ತಿರದ ಈ ಸೀಮೆಯಲ್ಲಿ ಕನ್ನಡದ ಜೊತೆ ತೆಲುಗು, ಉರ್ದು, ತಾಂಡಾಗಳ ಲಂಬಾಣಿ ಎಲ್ಲವೂ ಕಿವಿಗೆ ಬೀಳುತ್ತವೆ. ಕನ್ನಡವೂ ಪುಸ್ತಕದ ಕನ್ನಡವಲ್ಲ. ಪುಸ್ತಕದಲ್ಲಿ ಕಡಲು, ಅಡಿಕೆ ತೋಟ. ಕಣ್ಣೆದುರು ತೊಗರಿ ಹೊಲ. ತಾಂಡಾದಿಂದ ಬರುವ ಮಗು ಆರನೇ ವಯಸ್ಸಿಗೆ ಕನ್ನಡದ ಮಾತನ್ನೂ ಲಿಪಿಯನ್ನೂ ಒಟ್ಟಿಗೆ ಎದುರಿಸಬೇಕು. ಒಂಬತ್ತಾದರೂ ಒತ್ತಕ್ಷರದಲ್ಲಿ ತಡವರಿಸುವ ಹುಡುಗನಿಗೆ ಮೊದಲ ಹಂತದ ಕೋಳಿಮರಿಯ ಪುಸ್ತಕ ಕೊಟ್ಟರೆ ಓದಬಲ್ಲ, ಆದರೆ “ಇದು ಸಣ್ಣ ಹುಡುಗುರದು” ಎಂದು ನಾಚಿ ಮುಚ್ಚಿಡುತ್ತಾನೆ. ಅವನ ವಯಸ್ಸಿನ ಕತೆ ಕೊಟ್ಟರೆ ಎರಡನೇ ಸಾಲಿಗೇ ನಿಲ್ಲುತ್ತಾನೆ. ಎರಡೂ ಸಲ ಅವನು ಕಲಿಯುವ ಪಾಠ ಒಂದೇ: ಪುಸ್ತಕ ನನ್ನದಲ್ಲ.

ಹಾಗಾಗಿ ಒಂದು ಮಗುವಿಗೆ ಎರಡು ವಯಸ್ಸುಗಳಿವೆ ಎಂದುಕೊಂಡು ಆರಿಸುವುದು ಒಳ್ಳೆಯದು. ಕೇಳುವ ವಯಸ್ಸು ಮುಂದಿರುತ್ತದೆ, ಓದುವ ವಯಸ್ಸು ಹಿಂದಿರುತ್ತದೆ. ನಾವು ಓದಿ ಹೇಳುವ ಪುಸ್ತಕವನ್ನು ಮಗುವಿನ ಬುದ್ಧಿಗೆ ತಕ್ಕಂತೆ, ಅದೇ ಓದಿಕೊಳ್ಳುವ ಪುಸ್ತಕವನ್ನು ಅಕ್ಷರದ ಬಲಕ್ಕೆ ತಕ್ಕಂತೆ ಆರಿಸಬೇಕು. ಮೂರರಿಂದ ಐದರವರೆಗೆ ಪ್ರಾಸ, ಪುನರಾವರ್ತನೆ, ಮಾತಿಲ್ಲದ ಚಿತ್ರಪುಸ್ತಕ ಸಾಕು. ಮಾತಿಲ್ಲದ ಪುಸ್ತಕಕ್ಕೆ ಮಗು ತನ್ನ ಮನೆಮಾತಿನಲ್ಲೇ ಕತೆ ಕಟ್ಟಬಹುದು, ಲಂಬಾಣಿಯೂ ಸಲ್ಲುತ್ತದೆ. ಆರರಿಂದ ಎಂಟಕ್ಕೆ ಪುಟಕ್ಕೊಂದೆರಡು ಸಾಲಿನ ಪುಸ್ತಕ ಓದಲಿಕ್ಕೆ, ಕಿಂದರಿಜೋಗಿ ಕೇಳಲಿಕ್ಕೆ. ಒಂಬತ್ತು ದಾಟಿ ತಡವರಿಸುವವರಿಗೆ ಸಾಲು ಚಿಕ್ಕದಿದ್ದು ವಿಷಯ ದೊಡ್ಡದಿರುವ ಚಿತ್ರಕತೆ ಬೇಕು: ಜಗಳ, ಜಾತ್ರೆ, ಕಾಡುಪ್ರಾಣಿ, ಊರು ಬಿಟ್ಟು ದುಡಿಯಲು ಹೋದ ಅಪ್ಪ. ಹನ್ನೆರಡರ ಮೇಲಿನವರಿಗೆ ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ’ ಇದೆ. ಅದಕ್ಕೆ 2010ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಮುಂದೆ ತೇಜಸ್ವಿಯವರ ‘ಕರ್ವಾಲೊ’ಗೆ ದಾರಿ ತೆರೆದೇ ಇರುತ್ತದೆ.

ಇದು ಮನೆಯ ಪುಸ್ತಕದ ಕಪಾಟಿಗಷ್ಟೇ ಸೇರಿದ ವಿಚಾರವಲ್ಲ. ಅನೇಕ ಮನೆಗಳಲ್ಲಿ ಕಪಾಟೇ ಇಲ್ಲ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ‘ಓದುವ ಬೆಳಕು’ ಕಾರ್ಯಕ್ರಮ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟಿತು. ಅಂದರೆ ಆರರ ಮಗುವೂ ಹದಿನೆಂಟರ ಯುವತಿಯೂ ನಿಲ್ಲುವುದು ಅದೇ ಅರಿವು ಕೇಂದ್ರದ ಕಪಾಟಿನ ಮುಂದೆ. ಯಾರ ಕೈಗೆ ಯಾವುದು ಎಂಬುದನ್ನು ಈಗ ತೀರ್ಮಾನಿಸುವವರು ಅಲ್ಲಿನ ಮೇಲ್ವಿಚಾರಕರು. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಾಗಲೆಲ್ಲ ಪಟ್ಟಿಯ ತಳದಲ್ಲಿ ನಮ್ಮ ಜಿಲ್ಲೆಗಳನ್ನು ಹುಡುಕುವುದು ರೂಢಿಯಾಗಿದೆ. ಹದಿನಾರನೇ ವಯಸ್ಸಿನಲ್ಲಿ ಕಾಣುವ ಆ ಹಿಂದುಳಿಯುವಿಕೆ ಎಂಟೊಂಬತ್ತರಲ್ಲಿ ನಾಚಿ ಮುಚ್ಚಿಟ್ಟ ಪುಸ್ತಕದಲ್ಲೂ ಇರುತ್ತದೆ.

ಹೊಸ ಯೋಜನೆಗೆ ಕಾಯದೆ ಮಾಡಬಹುದಾದದ್ದು ಇಷ್ಟು: ಮಕ್ಕಳ ಕಪಾಟಿನಲ್ಲಿ ‘ಓದಿ ಹೇಳುವ ಪುಸ್ತಕ’, ‘ತಾನೇ ಓದುವ ಪುಸ್ತಕ’ ಎಂದು ಎರಡು ಸಾಲು ಮಾಡುವುದು, ತರಗತಿಯ ಸಂಖ್ಯೆಯ ಚೀಟಿ ತೆಗೆದುಬಿಡುವುದು, ವಾರಕ್ಕೊಂದು ದಿನ ಒಬ್ಬರು ಕುಂತು ಗಟ್ಟಿಯಾಗಿ ಓದುವುದು. ಓದುವವರು ಮೇಷ್ಟ್ರೇ ಆಗಬೇಕಿಲ್ಲ. ಹತ್ತನೇ ತರಗತಿಯ ಅಕ್ಕ ಸಾಕು.