ಚಿಲ್ಲದ ಬೀಜದಿಂದ ಜೊಂಡಿನವರೆಗೆ: ನೀರು ತೊಳೆಯುವ ಗಿಡಗಳ ಕಥೆ

ನಮ್ಮ ನುಂಗಂಬಾಕ್ಕಂನಲ್ಲಿ ‘ಲೇಕ್ ಏರಿಯಾ’ ಎಂಬ ಹೆಸರಿನ ಬೀದಿಗಳಿವೆ. ಲೇಕ್ ಮಾತ್ರ ಇಲ್ಲ. ಹಿಂದೆ ಇಲ್ಲೊಂದು ದೊಡ್ಡ ಕೆರೆಯಿತ್ತು. ಅದರ ದಕ್ಷಿಣಕ್ಕೆ ಸೈದಾಪೇಟೆಯ ಕಡೆಗೆ ಚಾಚಿಕೊಂಡಿದ್ದ ಮಾಂಬಲಂ ಕೆರೆಯನ್ನು ಬ್ರಿಟಿಷರು ‘ಲಾಂಗ್ ಟ್ಯಾಂಕ್’ ಎನ್ನುತ್ತಿದ್ದರು. 1920ರ ದಶಕದಲ್ಲಿ ಆ ಕೆರೆಯನ್ನು ಬತ್ತಿಸಿ ತ್ಯಾಗರಾಯನಗರ ಕಟ್ಟಿದರು. ನುಂಗಂಬಾಕ್ಕಂ ಕೆರೆಗೂ ಮಣ್ಣು ಬಿದ್ದಿತು. 1976ರಲ್ಲಿ ಅದರ ಅಂಗಳದಲ್ಲಿ ವಳ್ಳುವರ್ ಕೋಟ್ಟಂ ಎದ್ದು ನಿಂತಿತು. ಈಗ ನಮಗೆ ಉಳಿದಿರುವುದು ಉತ್ತರದ ಅಂಚಿನಲ್ಲಿ ಹರಿಯುವ ಕೂವಂ ನದಿ. ಅದರ ಸೇತುವೆ ದಾಟುವಾಗ ಸೆರಗೋ ಕರವಸ್ತ್ರವೋ ಎಲ್ಲರ ಮೂಗಿನ ಮೇಲೇರುತ್ತದೆ.

‘ದಡದಲ್ಲಿ ಒಳ್ಳೆಯ ಗಿಡ ನೆಟ್ಟರೆ ನೀರು ತಾನಾಗಿಯೇ ತಿಳಿಯಾಗುತ್ತದಂತೆ’ ಎಂಬ ಮಾತು ಇತ್ತೀಚೆಗೆ ಪರಿಸರ ದಿನಾಚರಣೆಗಳಲ್ಲಿ ಕೇಳಿಬರುತ್ತದೆ. ವಿಜ್ಞಾನಿಗಳು ಈ ವಿಧಾನಕ್ಕೆ ‘ಫೈಟೋರೆಮಿಡಿಯೇಷನ್’ ಎನ್ನುತ್ತಾರೆ. ಸಸ್ಯಗಳ ನೆರವಿನಿಂದ ಮಣ್ಣು-ನೀರಿನ ಶುದ್ಧೀಕರಣ ಎಂದರ್ಥ. ಮಾತಿನಲ್ಲಿ ಸತ್ಯವಿದೆ. ಆದರೆ ಆ ‘ತಾನಾಗಿಯೇ’ ಎಂಬ ಪದ ನಿಜವೇ? ಇತಿಹಾಸವನ್ನೇ ಕೇಳಿ ನೋಡೋಣ.

ಕ್ರಿ.ಶ. 6ನೇ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ‘ದಕಾರ್ಗಲ’ ಎಂಬ ಅಧ್ಯಾಯವಿದೆ. ನೆಲದೊಳಗಿನ ನೀರನ್ನು ಪತ್ತೆ ಹಚ್ಚುವ ಬಗೆಯನ್ನು ವಿವರಿಸುವ ಆ ಅಧ್ಯಾಯದ ಕೊನೆಯಲ್ಲಿ ಬಾವಿಯ ನೀರನ್ನು ಸರಿಪಡಿಸುವ ಒಂದು ಚೂರ್ಣದ ಪಾಠವೂ ಇದೆ. ಕೊನ್ನಾರಿ ಗೆಡ್ಡೆ, ಲಾವಂಚ, ನೆಲ್ಲಿಕಾಯಿ ಮೊದಲಾದವುಗಳ ಪುಡಿಗೆ ಕತಕದ ಬೀಜ ಸೇರಿಸಿ ಬಾವಿಗೆ ಹಾಕಿದರೆ ಕದಡಿದ, ಕಹಿಯಾದ, ನಾರುವ ನೀರು ಕೂಡ ಕುಡಿಯಲು ಹಿತವಾಗುತ್ತದೆ ಎನ್ನುತ್ತಾನೆ. ಈ ಕತಕವೇ ನಮ್ಮ ಚಿಲ್ಲದ ಬೀಜ. ಇಲ್ಲಿನ ನಾಟಿ ಮದ್ದಿನ ಅಂಗಡಿಗಳಲ್ಲಿ ‘ತೇತ್ತಾಂಕೊಟ್ಟೈ’ ಎಂದು ಕೇಳಿದರೆ ಸಿಗುತ್ತದೆ. ಹಿಂದಿನವರು ಅದನ್ನು ಮಣ್ಣಿನ ಕೊಡದ ಒಳಮೈಗೆ ತೇಯ್ದು ನೀರು ತುಂಬುತ್ತಿದ್ದರು. ಬೀಜದ ಅಂಶ ಕೆಸರಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ ತಳಕ್ಕಿಳಿಸುತ್ತದೆ. ಇಂದು ನೀರು ಸರಬರಾಜು ಕೇಂದ್ರಗಳಲ್ಲಿ ಪಟಿಕ ಮಾಡುವ ಕೆಲಸವೂ ಇದೇ.

ಮನುಸ್ಮೃತಿಯ ಹಲವು ಮಾತುಗಳನ್ನು ಹೆಂಗಸರಾದ ನಾವು ಒಪ್ಪುವುದು ಸಾಧ್ಯವೇ ಇಲ್ಲ. ಆದರೆ ಅದರ ಆರನೆಯ ಅಧ್ಯಾಯದಲ್ಲಿ ಇದೇ ಚಿಲ್ಲದ ಬೀಜದ ಬಗ್ಗೆ ಒಂದು ಜಾಣ ಮಾತಿದೆ. ಕತಕದ ಕಾಯಿ ನೀರನ್ನು ತಿಳಿಗೊಳಿಸುವುದೇನೋ ನಿಜ, ಆದರೆ ಅದರ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗುವುದಿಲ್ಲ ಎಂಬುದು ಅದರ ತಾತ್ಪರ್ಯ. ಬೀಜವನ್ನು ತೇಯುವ ಕೈ ಬೇಕು. ಮುಂದಿನ ಕಥೆಯಲ್ಲೆಲ್ಲ ಈ ಮಾತು ನಮಗೆ ನೆನಪಿರಲಿ.

ಚಿಲ್ಲದ ಬೀಜ ಕೆಸರನ್ನು ತಳಕ್ಕಿಳಿಸೀತು. ಕಾರ್ಖಾನೆಗಳ ಸೀಸ, ಕ್ರೋಮಿಯಂ ಮಣ್ಣಿಗೆ ಸೇರಿದರೆ ಏನು ಮಾಡುವುದು? ಇಲ್ಲಿ ವರಾಹಮಿಹಿರನ ಪಟ್ಟಿಯಲ್ಲಿದ್ದ ಲಾವಂಚವೇ ಮತ್ತೆ ಬರುತ್ತದೆ. ಅದರ ಇಂಗ್ಲಿಷ್ ಹೆಸರು ‘ವೆಟಿವರ್’ ತಮಿಳಿನ ‘ವೆಟ್ಟಿವೇರ್’ನಿಂದ ಹೋದದ್ದು. 1980ರ ದಶಕದಲ್ಲಿ ವಿಶ್ವ ಬ್ಯಾಂಕಿನ ಕೃಷಿ ತಜ್ಞರಾದ ಜಾನ್ ಗ್ರೀನ್‌ಫೀಲ್ಡ್ ಮತ್ತು ರಿಚರ್ಡ್ ಗ್ರಿಮ್‌ಶಾ ಮಣ್ಣಿನ ಸವಕಳಿ ತಡೆಯಲು ಲಾವಂಚದ ಬೇಲಿ ಹಾಕಿರೆಂದು ಭಾರತದಲ್ಲಿ ಪ್ರಚಾರ ಮಾಡಿದರು. ಆದರೆ ನಮ್ಮ ಕರ್ನಾಟಕದ ಗುಂಡ್ಲುಪೇಟೆಯ ಕಡೆಯ ರೈತರು ತಲೆತಲಾಂತರದಿಂದ ಹೊಲದ ಗಡಿಗೆ ಲಾವಂಚವನ್ನೇ ನೆಡುತ್ತಿದ್ದರು! ವಿಶ್ವ ಬ್ಯಾಂಕಿನ ಪ್ರಕಟಣೆಗಳಲ್ಲಿ ಗುಂಡ್ಲುಪೇಟೆ ಉದಾಹರಣೆಯಾಗಿ ಬಂದದ್ದು ಹಾಗೆ.

1990ರ ದಶಕದಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಪಾಲ್ ಟ್ರೂಂಗ್ ಇದೇ ಹುಲ್ಲನ್ನು ಗಣಿಯ ತ್ಯಾಜ್ಯದ ಮೇಲೆ, ಕಸದ ಗುಡ್ಡೆಗಳ ಮೇಲೆ ಬೆಳೆಸಿ ನೋಡಿದರು. ಬೇರೆ ಗಿಡಗಳು ಸಾಯುವ ಮಣ್ಣಿನಲ್ಲಿ ಲಾವಂಚ ಬದುಕಿತು. ಅದರ ಬೇರು ಮೂರು ಮೀಟರಿಗೂ ಹೆಚ್ಚು ಆಳಕ್ಕಿಳಿಯುತ್ತದೆ. ಸೀಸ, ಕ್ರೋಮಿಯಂನಂಥ ಲೋಹಗಳನ್ನು ಬಹುಪಾಲು ಬೇರಿನಲ್ಲೇ ಹಿಡಿದಿಟ್ಟುಕೊಂಡು ಎಲೆಗೆ ಸ್ವಲ್ಪವೇ ಬಿಡುತ್ತದೆ. ಹೀಗಾಗಿ ವಿಷದ ಮಣ್ಣು ಗಾಳಿ-ಮಳೆಗೆ ಊರೊಳಗೆ ಹರಡುವುದು ತಪ್ಪುತ್ತದೆ. ಆದರೆ ಗಮನಿಸಿ, ಲೋಹ ಮಾಯವಾಗಲಿಲ್ಲ. ಒಂದು ಕಡೆ ನಿಂತಿತು, ಅಷ್ಟೇ.

ಈ ಇತಿಹಾಸದಲ್ಲಿ ಇಬ್ಬರು ಮಹಿಳೆಯರ ಹೆಸರನ್ನು ನಾವು ತಿಳಿದಿರಬೇಕು. ಮೊದಲನೆಯವರು ಜರ್ಮನಿಯ ಸಸ್ಯವಿಜ್ಞಾನಿ ಕೇಟೆ ಜೈಡೆಲ್. ಪ್ಲೋನ್ ಎಂಬ ಊರಿನ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯಲ್ಲಿ 1950ರ ದಶಕದಲ್ಲಿ ಅವರು ಜೊಂಡಿನ ಜಾತಿಯ ಗಿಡಗಳ ಮೂಲಕ ಕೊಳಚೆ ನೀರನ್ನು ಹಾಯಿಸಿ ಪರೀಕ್ಷೆಗಳನ್ನು ಮಾಡಿದರು. ಚರಂಡಿ ಕಾಮಗಾರಿಯ ಎಂಜಿನಿಯರುಗಳು ಮೊದಲು ಅನುಮಾನದಿಂದಲೇ ನೋಡಿದರು. ಇಂದು ಲೋಕದ ಎಲ್ಲೆಡೆ ಕಟ್ಟುತ್ತಿರುವ ‘ಕೃತಕ ಜೌಗು’ಗಳಿಗೆ ಅವರ ಕೆಲಸವೇ ತಳಹದಿ. ಅಲ್ಲಿ ಕೊಳೆಯನ್ನು ಕರಗಿಸುವವು ಮುಖ್ಯವಾಗಿ ಸೂಕ್ಷ್ಮಜೀವಿಗಳು. ಬೇರುಗಳು ಅವುಗಳಿಗೆ ಮನೆ ಕೊಟ್ಟು, ಉಸಿರಾಡಲು ಆಮ್ಲಜನಕ ಒದಗಿಸುತ್ತವೆ.

ಎರಡನೆಯವರು ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿದ್ದ ಲೀನಾ ಮಾ. ಮರಕ್ಕೆ ಹುಳು ಹತ್ತದಂತೆ ಆರ್ಸೆನಿಕ್ ಮದ್ದು ಹಾಕುತ್ತಿದ್ದ ಹಳೆಯ ಜಾಗವೊಂದರಲ್ಲಿ ಸೊಂಪಾಗಿ ಬೆಳೆದಿದ್ದ ಒಂದು ಜರೀಗಿಡವನ್ನು ಅವರ ತಂಡ ಪರೀಕ್ಷಿಸಿತು. ಅದು ಮಣ್ಣಿನ ಆರ್ಸೆನಿಕ್ ಅನ್ನು ಹೀರಿ ಎಲೆಗೆ ಸಾಗಿಸುತ್ತಿತ್ತು. ಪ್ರಯೋಗದಲ್ಲಿ ಒಣಗಿದ ಎಲೆಯ ತೂಕದ ಶೇ. 2ರಷ್ಟು ಆರ್ಸೆನಿಕ್ಕೇ ಸಿಕ್ಕಿತು. 2001ರಲ್ಲಿ ‘ನೇಚರ್’ ಪತ್ರಿಕೆ ಇದನ್ನು ಪ್ರಕಟಿಸಿತು. ಟೆರಿಸ್ ವಿಟಾಟಾ ಎಂಬ ಈ ಜರೀಗಿಡ ನಮ್ಮ ದೇಶದ ಹಳೆಯ ಗೋಡೆಗಳ ಕಲ್ಲುಸಂದಿಗಳಲ್ಲೂ ಬೆಳೆಯುತ್ತದೆ. ಇಲ್ಲಿಯೂ ಅದೇ ಪಾಠ: ಎಲೆಗೇರಿದ ವಿಷವನ್ನು ಕಾಲಕಾಲಕ್ಕೆ ಕತ್ತರಿಸಿ, ಜೋಪಾನವಾಗಿ ವಿಲೇವಾರಿ ಮಾಡಲೇಬೇಕು. ಬಿಟ್ಟರೆ ಎಲೆ ಉದುರಿ ವಿಷ ಮತ್ತೆ ಮಣ್ಣಿಗೇ.

ಈ ಮಾತಿಗೆ ನಮ್ಮ ಬೆಂಗಳೂರಿನ ಎರಡು ಕೆರೆಗಳಿಗಿಂತ ಒಳ್ಳೆಯ ಸಾಕ್ಷಿ ಬೇಡ. ಉತ್ತರದ ಜಕ್ಕೂರು ಕೆರೆಯ ಮೇಲ್ಭಾಗದಲ್ಲಿ ಜಲಮಂಡಳಿಯ ಶುದ್ಧೀಕರಣ ಘಟಕವಿದೆ. ಆರಂಭದಲ್ಲಿ ಅದರ ಸಾಮರ್ಥ್ಯ ದಿನಕ್ಕೆ 1 ಕೋಟಿ ಲೀಟರ್ ಇತ್ತು. ಅಲ್ಲಿಂದ ಹೊರಬಿದ್ದ ನೀರು ಜೊಂಡು ಬೆಳೆದ ಜೌಗಿನ ಮೂಲಕ ಸೋಸಿಕೊಂಡು ಕೆರೆ ಸೇರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇದನ್ನು ಅಧ್ಯಯನ ಮಾಡಿ, ಸಾರಜನಕ, ರಂಜಕಗಳು ಈ ದಾರಿಯಲ್ಲಿ ಇಳಿಯುವುದನ್ನು ದಾಖಲಿಸಿದ್ದಾರೆ; ಬೆಳೆದ ಗಿಡಗಳನ್ನು ಆಗಾಗ ಕಟಾವು ಮಾಡಬೇಕೆಂದೂ ಹೇಳಿದ್ದಾರೆ.

ಆಗ್ನೇಯದ ಬೆಳ್ಳಂದೂರಿನಲ್ಲಿ ಗಿಡಗಳಿಗೇನು ಕೊರತೆ? ಅಂತರಗಂಗೆ ಕೆರೆಯನ್ನೇ ಹೊದ್ದು ಮಲಗಿತ್ತು. ಇಲ್ಲಿ ‘ಆಗಾಯತ್ತಾಮರೈ’ ಎನ್ನುವ ಇದೇ ಗಿಡದಿಂದ ಕೊಳಚೆ ನೀರು ಶುದ್ಧವಾಗುತ್ತದೆಂದು 1970ರ ದಶಕದಲ್ಲಿ ನಾಸಾ ಸಂಸ್ಥೆಯ ವೊಲ್ವರ್ಟನ್ ತೋರಿಸಿಕೊಟ್ಟಿದ್ದರು. ಆದರೆ ಬೆಳ್ಳಂದೂರಿನಲ್ಲಿ ನಗರದ ಕೊಳಚೆ ಬರುವುದು ನಿಲ್ಲಲಿಲ್ಲ, ಬೆಳೆದದ್ದನ್ನು ಸಕಾಲಕ್ಕೆ ತೆಗೆಯುವವರಿರಲಿಲ್ಲ. ಗಿಡ ಅಲ್ಲೇ ಕೊಳೆತು ಕೊಳೆಗೆ ಕೊಳೆ ಸೇರಿಸಿತು. 2015, 2017, 2018ರಲ್ಲಿ ಆ ಕೆರೆಗೆ ಬೆಂಕಿ ಹತ್ತಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು.

ನಮ್ಮ ಚೆನ್ನೈನಲ್ಲೂ ಆಸೆ ಹುಟ್ಟಿಸುವ ಒಂದು ಜಾಗವಿದೆ. ಅಡ್ಯಾರ್ ಹಿನ್ನೀರಿನ ಬಳಿ ಕಟ್ಟಡದ ಅವಶೇಷ, ಕಸ ಸುರಿದು ಹಾಳಾಗಿದ್ದ 58 ಎಕರೆ ಪ್ರದೇಶವನ್ನು ಸರಿಪಡಿಸಿ, 2011ರಲ್ಲಿ ತೊಲ್ಕಾಪ್ಪಿಯ ಪೂಂಗಾ ಎಂದು ತೆರೆದರು. ಅಲ್ಲಿ ಕಸ ಎತ್ತಿ, ನೀರಿಗೆ ದಾರಿ ಮಾಡಿಕೊಟ್ಟು, ಆಮೇಲೆ ಈ ನೆಲದ್ದೇ ಆದ ಗಿಡಗಳನ್ನೂ ಕಾಂಡ್ಲಾವನ್ನೂ ನೆಟ್ಟರು. ಈ ಅನುಕ್ರಮ ಮುಖ್ಯ.

ಐಟಿ ಕ್ಷೇತ್ರದಲ್ಲಿರುವ ನಮಗೆ ಇದು ಚೆನ್ನಾಗಿ ಗೊತ್ತು: ಹೊಸ ಸಾಫ್ಟ್‌ವೇರ್ ಬಿಡುಗಡೆಯ ದಿನ ಎಲ್ಲರೂ ಫೋಟೋಗೆ ನಿಲ್ಲುತ್ತಾರೆ; ವರ್ಷಗಟ್ಟಲೆ ಅದನ್ನು ನೋಡಿಕೊಳ್ಳುವವರ ಹೆಸರು ಯಾರಿಗೂ ತಿಳಿಯದು. ಗಿಡ ನೆಡುವುದೂ ಹಾಗೆಯೇ. ಮನೆ ಗುಡಿಸುವುದು, ಪಾತ್ರೆ ತೊಳೆಯುವುದು ಒಂದು ದಿನಕ್ಕೆ ಮುಗಿಯುವ ಕೆಲಸವಲ್ಲವೆಂದು ಬಲ್ಲ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಕೂವಂ ದಡದಲ್ಲಿ ಸಸಿ ನೆಡಲು ನಮ್ಮನ್ನು ಯಾರಾದರೂ ಕರೆದರೆ ಸಂತೋಷದಿಂದ ಹೋಗೋಣ. ಹೋದಾಗ ಮೂರು ಪ್ರಶ್ನೆಗಳನ್ನೂ ಕೇಳೋಣ: ಮೇಲಿನಿಂದ ಬರುವ ಕೊಳಚೆಯನ್ನು ನಿಲ್ಲಿಸಿದ್ದೀರಾ? ಬೆಳೆದದ್ದನ್ನು ಕತ್ತರಿಸುವವರು ಯಾರು? ಕತ್ತರಿಸಿದ್ದನ್ನು ಎಲ್ಲಿಗೆ ಒಯ್ಯುತ್ತೀರಿ? ಈ ಮೂರಕ್ಕೂ ಉತ್ತರ ಸಿಕ್ಕ ದಡದಲ್ಲಿ ಲಾವಂಚವೂ ಜೊಂಡೂ ತಮ್ಮ ಕೆಲಸವನ್ನು ಖಂಡಿತ ಮಾಡುತ್ತವೆ.