ಠಕ್ಕ: ಒಂದು ಪದದ ಚರಿತ್ರೆ

ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸುತ್ತಿದ್ದ ದಿನಗಳವು. ಒಮ್ಮೆ ತರಗತಿಯಲ್ಲಿ ಹುಡುಗನೊಬ್ಬನ ಪೆನ್ನು ಕಾಣೆಯಾಯಿತು. ನಾನು ವಿಚಾರಿಸುವ ಗೋಜಿಗೂ ಹೋಗದೆ, ಅಲೆಮಾರಿ ಕುಟುಂಬದಿಂದ ಬಂದ ಬಾಲಕನನ್ನು ಎಬ್ಬಿಸಿ ನಿಲ್ಲಿಸಿ 'ಠಕ್ಕ' ಎಂದು ಜರೆದೆ. ಸಂಜೆ ಆ ಪೆನ್ನು ಅದರ ಒಡೆಯನ ಚೀಲದಲ್ಲೇ ಸಿಕ್ಕಿತು. ಮರುದಿನದಿಂದ ಬಾಲಕ ಶಾಲೆಗೆ ಬರಲಿಲ್ಲ. ಆ ಪದದ ಚರಿತ್ರೆಯನ್ನು ನಾನು ಅರಸಿದ್ದು ಆನಂತರ.

ಸಂಸ್ಕೃತದ 'ಸ್ಥಗ್' ಧಾತುವಿಗೆ ಮುಚ್ಚು, ಮರೆಮಾಡು ಎಂದರ್ಥ. 'ಸ್ಥಗ' ಎಂದರೆ ವಂಚಕ. ಅದೇ ಪ್ರಾಕೃತವನ್ನು ಹಾದು ಹಿಂದಿಯಲ್ಲಿ 'ಠಗ', ಕನ್ನಡದಲ್ಲಿ 'ಠಕ್ಕ' ಆಯಿತು. ನಮ್ಮ ಮಕ್ಕಳ ಕಥೆಗಳ ಠಕ್ಕ ನರಿ ಕೊಲೆಗಡುಕನಲ್ಲ, ಮಾತಿನಲ್ಲೇ ಮರುಳುಮಾಡುವ ಮೋಸಗಾರ.

ಉತ್ತರದಲ್ಲಿ ಮಾತ್ರ ಆ ಹೆಸರು, ದಾರಿಹೋಕರೊಡನೆ ಸ್ನೇಹ ಬೆಳೆಸಿ, ಕೊರಳಿಗೆ ವಸ್ತ್ರ ಬಿಗಿದು ಕೊಂದು ದೋಚುವವರಿಗೆ ಅಂಟಿತು. ದಕ್ಷಿಣದಲ್ಲಿ ಅಂಥವರನ್ನು ಫಾಂಸಿಗಾರರೆನ್ನುತ್ತಿದ್ದರು. ಮದರಾಸಿನ ವೈದ್ಯ ರಿಚರ್ಡ್ ಶೆರ್ವುಡ್ 1816ರಲ್ಲಿ ಬರೆದ ಲೇಖನದಲ್ಲಿ ಅವರ ಕನ್ನಡ ಹೆಸರು 'ತಂತಿ ಕಳ್ಳರು' ಎಂದಿದೆ.

1830ರ ದಶಕದಲ್ಲಿ ವಿಲಿಯಂ ಸ್ಲೀಮನ್ ಠಗರ ದಮನಕ್ಕೆ ನಿಂತ. ಠಗರ ಗುಂಪಿಗೆ ಸೇರಿದವನೆಂದು ರುಜುವಾತಾದರೆ ಸಾಕು, ಜೀವಾವಧಿ ಸೆರೆ ಎಂದಿತು 1836ರ ಕಾಯಿದೆ. ಯಾರನ್ನು, ಎಲ್ಲಿ ಕೊಂದನೆಂದು ತೋರಿಸಬೇಕಾಗಿರಲಿಲ್ಲ. 1839ರಲ್ಲಿ ಮೆಡೋಸ್ ಟೇಲರನ 'ಕನ್ಫೆಷನ್ಸ್ ಆಫ್ ಎ ಥಗ್' ಕಾದಂಬರಿ ಈ ಪದವನ್ನು ಇಂಗ್ಲೆಂಡಿನಲ್ಲಿ ಮನೆಮಾತಾಗಿಸಿತು. ಮುಂದೆ ನಮ್ಮ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಟೇಲರ್ ಈತನೇ. ಇಂಗ್ಲಿಷಿನಲ್ಲಿ ಇಂದು 'ಥಗ್' ಎಂದರೆ ಯಾವನೇ ಗೂಂಡಾ. ಸರ್ಕಾರಿ ದಾಖಲೆಗಳು ವರ್ಣಿಸಿದಷ್ಟು ದೊಡ್ಡ ಸಂಘಟನೆ ನಿಜಕ್ಕೂ ಇತ್ತೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ.

ಗುಂಪಿನ ಹೆಸರೇ ಅಪರಾಧಕ್ಕೆ ಸಾಕ್ಷಿಯೆಂಬ ಈ ಆಲೋಚನೆ ಅಲ್ಲಿಗೇ ನಿಲ್ಲಲಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳಂತೆ ಕಂಡಿತು. ಅವರು ಪೊಲೀಸರಲ್ಲಿ ಹೆಸರು ನೋಂದಾಯಿಸಿ ಹಾಜರಿ ಕೊಡಬೇಕಿತ್ತು. ಸ್ವತಂತ್ರ ಭಾರತ 1952ರಲ್ಲಿ ಅದನ್ನು ರದ್ದುಪಡಿಸಿತು.

ಆದರೆ ಕಾಯಿದೆ ರದ್ದಾದ ಎಷ್ಟೋ ವರ್ಷಗಳ ಮೇಲೆ, ಪಾಠದಲ್ಲಿ ಅದನ್ನು ಖಂಡಿಸುತ್ತಿದ್ದ ನಾನೇ ತರಗತಿಯಲ್ಲಿ ಅದನ್ನು ಜಾರಿಗೊಳಿಸಿದ್ದೆ. ಆ ಬಾಲಕನ ಅಜ್ಜನೂ ಹಿಂದೊಮ್ಮೆ ಠಾಣೆಯ ಮುಂದೆ ಹಾಗೆಯೇ ನಿಂತಿದ್ದಿರಬಹುದು. ಕ್ಷಮೆ ಕೇಳಲು ನಾನು ಅವರ ಗುಡಾರಗಳಿದ್ದ ಬಯಲಿಗೆ ಹೋದಾಗ, ಅಲ್ಲಿ ಒಲೆಯ ಕಲ್ಲುಗಳು ಮಾತ್ರ ಉಳಿದಿದ್ದವು.