ನ್ಯಾನೊ ದ್ಯುತಿವೇಗವರ್ಧಕಗಳ ಸ್ಫಟಿಕತ್ವ ಮತ್ತು ಕಣಗಾತ್ರ ಮಾಪನ

ಬೆಳಕನ್ನು ಹೀರಿ ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ಅರೆವಾಹಕ ಪುಡಿಗಳ ಒಳರಚನೆಯನ್ನೂ ಗಾತ್ರವನ್ನೂ ಅಳೆಯುವ ವಿಧಾನಗಳು. ಈ ಪುಡಿಗಳಲ್ಲಿ ಹೆಚ್ಚು ಅಧ್ಯಯನವಾಗಿರುವುದು ಟೈಟಾನಿಯಂ ಡೈಆಕ್ಸೈಡ್. ಅದರ ವಿದ್ಯುದ್ವಾರದ ಮೇಲೆ ಬೆಳಕು ಬಿಟ್ಟು ನೀರನ್ನು ವಿಭಜಿಸಬಹುದೆಂದು ಜಪಾನಿನ ಫುಜಿಶಿಮಾ ಮತ್ತು ಹೊಂಡಾ 1972ರಲ್ಲಿ ಪ್ರಕಟಿಸಿದರು.

ಬೆಳಕಿನಿಂದ ಹುಟ್ಟಿದ ಎಲೆಕ್ಟ್ರಾನು ಮತ್ತು ರಂಧ್ರಗಳು (ಎಲೆಕ್ಟ್ರಾನು ಬಿಟ್ಟುಹೋದ ಖಾಲಿ ಸ್ಥಾನಗಳು) ಮೇಲ್ಮೈ ತಲುಪಿದರಷ್ಟೇ ಕ್ರಿಯೆ ನಡೆಯುತ್ತದೆ. ಸ್ಫಟಿಕ ಜಾಲಕದಲ್ಲಿ ದೋಷಗಳಿದ್ದರೆ ಎಲೆಕ್ಟ್ರಾನು, ರಂಧ್ರಗಳು ದಾರಿಯಲ್ಲೇ ಮತ್ತೆ ಕೂಡಿ ಇಲ್ಲವಾಗುತ್ತವೆ. ಪುಡಿಯನ್ನು ಕಾಯಿಸಿದರೆ ದೋಷ ತಗ್ಗುತ್ತದೆ, ಆದರೆ ಕಣ ದಪ್ಪವಾಗಿ ಮೇಲ್ಮೈ ಕುಗ್ಗುತ್ತದೆ. ಇನ್ನೂ ಕಾಯಿಸಿದರೆ ಟೈಟಾನಿಯಂ ಡೈಆಕ್ಸೈಡಿನ ಅನಟೇಸ್ ಎಂಬ ಸ್ಫಟಿಕರೂಪ ರೂಟೈಲ್ ಎಂಬ ಇನ್ನೊಂದು ರೂಪಕ್ಕೆ ತಿರುಗುತ್ತದೆ. ಆದ್ದರಿಂದ ಸ್ಫಟಿಕತ್ವ, ಕಣಗಾತ್ರ ಎರಡನ್ನೂ ಒಂದೇ ಪುಡಿಯಲ್ಲಿ ಅಳೆಯಬೇಕು.

ಮುಖ್ಯ ಸಾಧನ ಕ್ಷ-ಕಿರಣ ವಿವರ್ತನೆ. ತಾಮ್ರದ ಕ್ಷ-ಕಿರಣದಲ್ಲಿ (ತರಂಗದೂರ 0.15406 ನ್ಯಾನೊಮೀಟರ್) ಅನಟೇಸಿನ ಪ್ರಬಲ ಶೃಂಗ ಸುಮಾರು 25.3 ಡಿಗ್ರಿಯಲ್ಲೂ ರೂಟೈಲಿನದು 27.4 ಡಿಗ್ರಿಯಲ್ಲೂ ಕಾಣುತ್ತದೆ. ಸ್ಫಟಿಕ ಚಿಕ್ಕದಾದಷ್ಟೂ ಶೃಂಗ ಅಗಲ. ಈ ಸಂಬಂಧವನ್ನು ಭೌತವಿಜ್ಞಾನಿ ಶೆರರ್ 1918ರಲ್ಲಿ ಸೂತ್ರಕ್ಕಿಳಿಸಿದ: ಸ್ಥಿರಾಂಕವನ್ನು (ಸಾಮಾನ್ಯವಾಗಿ 0.9) ತರಂಗದೂರದಿಂದ ಗುಣಿಸಿ, ರೇಡಿಯನ್ನಿನಲ್ಲಿರುವ ಶೃಂಗದ ಅರ್ಧ ಎತ್ತರದ ಅಗಲ ಹಾಗೂ ಶೃಂಗದ ಕೋನದ ಅರ್ಧದ ಕೊಸೈನ್‌ಗಳ ಗುಣಲಬ್ಧದಿಂದ ಭಾಗಿಸಿದರೆ ಸ್ಫಟಿಕದ ಗಾತ್ರ ಸಿಗುತ್ತದೆ. ಅನಟೇಸ್ ಶೃಂಗದ ಅಗಲ 0.4 ಡಿಗ್ರಿ ಇದ್ದರೆ ಉತ್ತರ ಸುಮಾರು 20 ನ್ಯಾನೊಮೀಟರ್. ಉಪಕರಣವೇ ತರುವ ಅಗಲವನ್ನು ಲ್ಯಾಂಥನಂ ಹೆಕ್ಸಬೋರೈಡಿನಂಥ ಮಾನಕದಿಂದ ತಿಳಿದು ಮೊದಲೇ ಕಳೆದಿರಬೇಕು. ಜಾಲಕದ ವಿಕೃತಿಯೂ ಶೃಂಗವನ್ನು ಹಿಗ್ಗಿಸುವುದರಿಂದ ವಿಲಿಯಮ್ಸನ್ ಮತ್ತು ಹಾಲ್ 1953ರಲ್ಲಿ ಗಾತ್ರ, ವಿಕೃತಿಗಳ ಪ್ರಭಾವಗಳನ್ನು ಬೇರ್ಪಡಿಸುವ ವಿಧಾನ ಕೊಟ್ಟರು. ಗಾತ್ರ ಸುಮಾರು 100 ನ್ಯಾನೊಮೀಟರ್ ದಾಟಿದ ಮೇಲೆ ಈ ಲೆಕ್ಕವನ್ನು ನೆಚ್ಚುವಂತಿಲ್ಲ.

ಹೀಗೆ ಸಿಗುವುದು ಸ್ಫಟಿಕಾಂಶದ (ಒಂದೇ ಅಖಂಡ ಜಾಲಕವುಳ್ಳ ತುಣುಕಿನ) ಗಾತ್ರ, ಕಣದ ಗಾತ್ರವಲ್ಲ. ಇವೆರಡನ್ನು ಒಂದೆಂದು ಬರೆಯುವ ರೂಢಿ ವ್ಯಾಪಕವಾಗಿದೆ, ಅದನ್ನು ಬಿಡಲೇಬೇಕು. ಒಂದು ಕಣದೊಳಗೆ ಹಲವು ಸ್ಫಟಿಕಾಂಶಗಳು ಇರಬಹುದು. ಕಣವನ್ನೇ ನೋಡಲು ಪಾರಗಾಮಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ಅಲ್ಲಿಯೂ ನೂರಾರು ಕಣಗಳನ್ನು ಅಳೆದರೆ ಮಾತ್ರ ಸರಾಸರಿಗೆ ಅರ್ಥ.

ಸ್ಫಟಿಕತ್ವವನ್ನು ಅಳೆಯುವುದು ಇನ್ನೂ ಕಷ್ಟ. ಅಸ್ಫಟಿಕ ಭಾಗ ಚೂಪಾದ ಶೃಂಗವನ್ನು ಕೊಡದು, ಹಿನ್ನೆಲೆಯಲ್ಲಿ ಮಸುಕಾದ ಉಬ್ಬಾಗಿ ಅಡಗಿರುತ್ತದೆ. ಶೃಂಗಗಳ ಎತ್ತರವನ್ನಷ್ಟೇ ಹೋಲಿಸಿದರೆ ಆ ಭಾಗ ಲೆಕ್ಕಕ್ಕೇ ಬರುವುದಿಲ್ಲ. ತೂಕ ಗೊತ್ತಿರುವ ಕೊರಂಡಮ್ಮನ್ನು ಪುಡಿಗೆ ಬೆರೆಸಿ, ಇಡೀ ವಿವರ್ತನಾ ವಿನ್ಯಾಸವನ್ನು ರಚನೆಯಿಂದ ಲೆಕ್ಕಹಾಕಿದ ವಿನ್ಯಾಸದೊಂದಿಗೆ ರೀಟ್‌ವೆಲ್ಡ್ ಕ್ರಮದಲ್ಲಿ ಹೊಂದಿಸಿ ನೋಡುವುದು ನಂಬಬಹುದಾದ ದಾರಿ. ಪ್ರತಿ ಸೆಂಟಿಮೀಟರಿಗೆ 144ರಲ್ಲಿರುವ ಅನಟೇಸಿನ ರಾಮನ್ ರೇಖೆ ಸ್ಫಟಿಕಾಂಶ ಕಿರಿದಾದಂತೆ ಅಗಲವಾಗಿ ಸರಿಯುತ್ತದೆ. ಇದು ಒಳ್ಳೆಯ ಪೂರಕ ಸಾಕ್ಷ್ಯ.

ನೈಟ್ರೋಜನ್ ಅಧಿಶೋಷಣೆಯಿಂದ ಮೇಲ್ಮೈ ವಿಸ್ತೀರ್ಣ ತಿಳಿದರೆ ಕಣದ ಗಾತ್ರವನ್ನು ಲೆಕ್ಕಹಾಕಬಹುದು. ಪಿ25 ಎಂಬ ಪ್ರಸಿದ್ಧ ಟೈಟಾನಿಯಂ ಡೈಆಕ್ಸೈಡ್ ಪುಡಿಗೆ ಗ್ರಾಮಿಗೆ ಸುಮಾರು 50 ಚದರ ಮೀಟರ್ ಮೇಲ್ಮೈ ಇದೆ. ಕಣಗಳು ಒಳಗೆ ಪೊಳ್ಳಿಲ್ಲದ ಗೋಲಗಳೆಂದು ಭಾವಿಸಿದರೆ ವ್ಯಾಸ 30 ನ್ಯಾನೊಮೀಟರಿನ ಆಸುಪಾಸು ಬರುತ್ತದೆ. ಅದೇ ಪುಡಿಯನ್ನು ನೀರಿಗೆ ಹಾಕಿ ಬೆಳಕಿನ ಚದುರಿಕೆಯಿಂದ ಅಳೆದರೆ ನೂರಾರು ನ್ಯಾನೊಮೀಟರ್ ಸಿಗಬಹುದು, ಏಕೆಂದರೆ ಅಲ್ಲಿ ಅಳತೆಗೆ ಸಿಗುವುದು ಒಂದಕ್ಕೊಂದು ಅಂಟಿದ ಗುಂಪುಗಳು. ಇಂಥ ಪುಡಿಯಿಂದ ಕೊಳಚೆ ನೀರನ್ನು ಶುದ್ಧೀಕರಿಸಿದ ಬಳಿಕ ಅದು ಎಷ್ಟು ಬೇಗ ತಳಕ್ಕಿಳಿಯುತ್ತದೆ ಎಂಬುದನ್ನು ನಿರ್ಧರಿಸುವುದು ಈ ಗುಂಪುಗಳ ಗಾತ್ರವೇ.